ಸೈಕೋಸಿಸ್ ಇದ್ದವರಿಗೆ ವಾರ್ಡ್ ಹೇಗೆ ಕಾಣಿಸುತ್ತದೆ, ಹೇಗೆ ಕೇಳಿಸುತ್ತದೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಸಮಯ ಸಾಲದೆ ಅಲ್ಲಿ ಬಿಟ್ಟ ಕೆಲವು ವಿಷಯ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ. ಮಾನಸಿಕ ಕಾಯಿಲೆ ಬಗ್ಗೆ ಎಲ್ಲಿ ಮಾತಾಡಲು ಹೋದರೂ ಜನ ಕೇಳುವುದು ಮದ್ದಿನ ಬಗ್ಗೆ. ಎಷ್ಟು ವರ್ಷ ತಿನ್ನಬೇಕು, ನಿಲ್ಲಿಸಿದರೆ ಏನಾಗುತ್ತದೆ, ಅಭ್ಯಾಸ ಆಗಿಬಿಡುತ್ತದಾ. ಕೇಳಲೇಬೇಕಾದ ಪ್ರಶ್ನೆಗಳೇ. ಇವತ್ತು ಮಾತ್ರ ನಾನು ಮದ್ದು ಕೊಡುವ ಜಾಗದ ಬಗ್ಗೆ ಮಾತಾಡುತ್ತೇನೆ. ಆ ಬಾಗಿಲು, ಅಲ್ಲಿನ ಬೆಳಕು, ಸದ್ದು, ಅಲ್ಲಿ ಆಡುವ ಭಾಷೆ, ಅಲ್ಲಿ ಇಡೀ ದಿನ ಮಾಡಲು ಏನಿದೆ ಏನಿಲ್ಲ ಅನ್ನೋದು. ಮನೋರೋಗ ವಿಭಾಗದಲ್ಲಿ ನರ್ಸ್ ಆಗಿ ತುಂಬಾ ವರ್ಷ ಕೆಲಸ ಮಾಡಿದವಳು ನಾನು. ಮಂಗಳೂರು ಕಡೆಯ ವಾರ್ಡುಗಳನ್ನೂ ನೋಡಿದ್ದೇನೆ, ಕೇರಳದ ಕಡೆಯ ವಾರ್ಡುಗಳನ್ನೂ ನೋಡಿದ್ದೇನೆ. ಯಾವ ಆಸ್ಪತ್ರೆಯ ಹೆಸರೂ ಹೇಳುವುದಿಲ್ಲ, ರೋಗಿಗಳ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಸೈಕೋಸಿಸ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಯಾರೂ ಇಲ್ಲದಾಗ ದನಿ ಕೇಳಿಸುವುದು, ಯಾರೋ ಹಿಂದೆ ಬಿದ್ದಿದ್ದಾರೆ ಅಂತಲೋ ಊಟದಲ್ಲಿ ವಿಷ ಹಾಕಿದ್ದಾರೆ ಅಂತಲೋ ಎಷ್ಟು ಹೇಳಿದರೂ ಅಲುಗಾಡದ ನಂಬಿಕೆ ಬರುವುದು, ಯೋಚನೆಯ ಎಳೆ ಕಡಿದು ಹೋಗುವುದು. ಸ್ಕಿಜೋಫ್ರೇನಿಯಾದಲ್ಲಿ ಇದು ಮುಖ್ಯ ಲಕ್ಷಣ. ಬೈಪೋಲಾರ್ ಕಾಯಿಲೆಯಲ್ಲಿ, ತೀವ್ರ ಖಿನ್ನತೆಯಲ್ಲಿ, ಹೆರಿಗೆಯಾದ ಮೊದಲ ವಾರಗಳಲ್ಲಿ ಕೆಲವು ತಾಯಂದಿರಲ್ಲಿ ಕೂಡ ಬರಬಹುದು. ನಮ್ಮಲ್ಲಿ ಎಲ್ಲಕ್ಕೂ ಸೇರಿಸಿ 'ಮಂಡೆ ಸಮ ಇಲ್ಲ' ಅಂದುಬಿಡುತ್ತಾರೆ.

ಒಳಗೆ ನಡೆಯುವುದೇನು? ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕಕ್ಕೆ ಹಲವು ಕೆಲಸಗಳಿವೆ. ಅದರಲ್ಲಿ ಒಂದು, ಸುತ್ತಲಿನ ಸಾವಿರ ಸಂಗತಿಗಳಲ್ಲಿ ಯಾವುದು ಮುಖ್ಯ ಅಂತ ಗುರುತು ಹಾಕುವುದು. ಶಿತಿಜ್ ಕಪೂರ್ ಅನ್ನುವ ಮನೋವೈದ್ಯರು 2003ರಲ್ಲಿ ಒಂದು ವಿವರಣೆ ಕೊಟ್ಟರು. ಸೈಕೋಸಿಸ್‌ನಲ್ಲಿ ಈ ಗುರುತು ಹಾಕುವ ಕೆಲಸ ಹದ ತಪ್ಪುತ್ತದೆ, ಅರ್ಥವೇ ಇಲ್ಲದ ಚಿಲ್ಲರೆ ಸಂಗತಿಗೂ 'ಇದು ನಿನಗೇ ಸಂಬಂಧಪಟ್ಟದ್ದು' ಅನ್ನುವ ಮುದ್ರೆ ಬೀಳುತ್ತದೆ, ಆಮೇಲೆ ಮನಸ್ಸು ಆ ಮುದ್ರೆಗೆ ತಕ್ಕ ಕಥೆ ಕಟ್ಟುತ್ತದೆ ಅಂತ. ಪಕ್ಕದ ಮನೆಗೆ ಕಳ್ಳ ನುಗ್ಗಿದ ಸುದ್ದಿ ಕೇಳಿದ ರಾತ್ರಿ ನಮಗೆಲ್ಲ ಹೇಗಿರುತ್ತದೆ ನೆನಪಿಸಿಕೊಳ್ಳಿ. ತೋಟದಲ್ಲಿ ಅಡಿಕೆ ಹಾಳೆ ಬಿದ್ದರೆ ಹೆಜ್ಜೆ ಸದ್ದು. ನಾಯಿ ಬೊಗಳಿದರೆ ಯಾರೋ ಬಂದರು. ಬೊಗಳದಿದ್ದರೆ ನಾಯಿಗೇ ಏನೋ ಮಾಡಿದ್ದಾರೆ. ಅಂಥ ರಾತ್ರಿ ನಮಗೆ ಬೆಳಗಾಗುವಾಗ ಮುಗಿಯುತ್ತದೆ. ಸೈಕೋಸಿಸ್ ಇದ್ದವರಿಗೆ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಮುಗಿಯುವುದಿಲ್ಲ.

ಹಾಗಾಗಿ ಒಂದು ವಾರ್ಡಿನಲ್ಲಿ ನಮಗೆ ಹಿನ್ನೆಲೆಯಲ್ಲಿ ಇರುವುದೆಲ್ಲ ಅವರಿಗೆ ಮುಂದೆ ಬಂದು ನಿಲ್ಲುತ್ತದೆ. ಬೀಗದ ಗೊಂಚಲಿನ ಸದ್ದು, ಮೂಲೆಯಲ್ಲಿ ಕೆಂಪು ಚುಕ್ಕೆ ಹೊತ್ತಿದ ಕ್ಯಾಮೆರಾ, ಇಬ್ಬರು ನರ್ಸುಗಳು ತಲೆ ಹತ್ತಿರ ತಂದು ಆಡುವ ಮಾತು, ಎಲ್ಲವೂ. ವಾರ್ಡ್ ಹೇಗಿರಬೇಕು ಅಂತ ಯೋಚಿಸುವವರು ಹೊರಡಬೇಕಾದದ್ದು ಇಲ್ಲಿಂದ ಅಂತ ನನ್ನ ಬಲವಾದ ನಂಬಿಕೆ.

ಅಡ್ಮಿಟ್ ಆಗುವ ಮೊದಲ ಗಂಟೆ ನೋಡಿ. ಜೀಪಿನಲ್ಲೋ ಆಂಬುಲೆನ್ಸಿನಲ್ಲೋ ನಾಲ್ಕು ಜನ ಹಿಡಿದುಕೊಂಡು ಬಂದಿರುತ್ತಾರೆ. ಕಬ್ಬಿಣದ ಗ್ರಿಲ್ ತೆರೆದು ಮುಚ್ಚುತ್ತದೆ. ಮೊಬೈಲ್ ತೆಗೆದುಕೊಳ್ಳುತ್ತಾರೆ, ಬೆಲ್ಟ್, ಉಂಗುರ, ಕುತ್ತಿಗೆಯ ಸರ, ಕೆಲವು ಕಡೆ ಉಟ್ಟ ಬಟ್ಟೆಯನ್ನೂ. ಇದರಲ್ಲಿ ಕೆಲವಕ್ಕೆ ಸುರಕ್ಷೆಯ ಕಾರಣ ಇದೆ, ನಾನು ಅಲ್ಲಗಳೆಯುವುದಿಲ್ಲ. ತನಗೆ ತಾನೇ ಹಾನಿ ಮಾಡಿಕೊಳ್ಳುವ ಅಪಾಯ ಇದ್ದವರ ಹತ್ತಿರ ಯಾವುದು ಇರಬಾರದು ಅಂತ ನೋಡಲೇಬೇಕು. ಆದರೆ 'ನನ್ನನ್ನು ಹಿಡಿದು ಹಾಕಲು ಸಂಚು ನಡೆದಿದೆ' ಅಂತ ಒಂದು ತಿಂಗಳಿಂದ ನಂಬಿಕೊಂಡವನಿಗೆ ಆ ಒಂದು ಗಂಟೆಯಲ್ಲಿ ನಾವು ಒಂದರ ಮೇಲೊಂದು ಪುರಾವೆ ಕೊಟ್ಟ ಹಾಗಾಗುತ್ತದೆ ಅಲ್ವಾ? ಅದೇ ಕೆಲಸವನ್ನು ಬೇರೆ ರೀತಿ ಮಾಡಬಹುದು. ಕೂರಿಸಿ, ನೀರು ಕೊಟ್ಟು, ನಾನು ಇಂಥವಳು, ಇದು ಆಸ್ಪತ್ರೆ, ಈ ಬಾಗಿಲಿಗೆ ಬೀಗ ಇದೆ, ಯಾಕೆ ಅಂತ ಹೇಳ್ತೇನೆ, ನಿಮ್ಮ ಉಂಗುರ ಈ ಕವರಿನಲ್ಲಿ ಹಾಕಿ ನಿಮ್ಮ ಅಕ್ಕನ ಕೈಗೆ ಕೊಡ್ತೇನೆ, ಇಲ್ಲಿ ಸಹಿ ಹಾಕಿ. ಹತ್ತು ನಿಮಿಷ ಜಾಸ್ತಿ ಬೇಕಾಗುತ್ತದೆ. ಆ ಹತ್ತು ನಿಮಿಷ ಕೊಟ್ಟ ದಿನ ರಾತ್ರಿ ಇಂಜೆಕ್ಷನ್ನಿನ ಜಗಳ ಎಷ್ಟೋ ಸಲ ಆಗುವುದೇ ಇಲ್ಲ. ಸ್ವಂತ ಬಟ್ಟೆ ಹಾಕಿಕೊಳ್ಳುವುದಂತೂ ಈಗ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಬರೆದಿದ್ದಾರೆ, ಸಮವಸ್ತ್ರ ಹಾಕಿಕೋ ಅಂತ ಒತ್ತಾಯ ಮಾಡುವ ಹಾಗಿಲ್ಲ, ತಲೆ ಬೋಳಿಸುವ ಹಾಗಿಲ್ಲ.

ಇನ್ನು ಭಾಷೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನಮ್ಮ ಕಾಸರಗೋಡಿನ ಸಂಕಟ, ಬೇರೆ ಕಡೆಯವರು ಬರೆದ ವಾರ್ಡಿನ ಪುಸ್ತಕಗಳಲ್ಲಿ ಸಿಗುವುದಿಲ್ಲ. ನಾವು ಸಪ್ತಭಾಷಾ ಸಂಗಮ ಭೂಮಿ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ. ಹುಷಾರಿದ್ದಾಗ ಎಲ್ಲ ಸಲೀಸು. ಸೈಕೋಸಿಸ್ ಬಂದಾಗ ಎರಡನೇ, ಮೂರನೇ ಭಾಷೆಯ ಮೇಲಿನ ಹಿಡಿತ ಎಷ್ಟೋ ಜನರಿಗೆ ಸಡಿಲ ಆಗುತ್ತದೆ. ನಮ್ಮವರಿಗೆ ಸರಕಾರಿ ಮಾನಸಿಕ ಆಸ್ಪತ್ರೆ ಅಂದರೆ ಕೋಝಿಕ್ಕೋಡಿನ ಕುದಿರವಟ್ಟಂ, 1872ರಲ್ಲಿ ಶುರುವಾದದ್ದು, ಇಲ್ಲಿಂದ ಸುಮಾರು 180 ಕಿಲೋಮೀಟರ್. ಮಂಗಳೂರು 50 ಕಿಲೋಮೀಟರ್ ಅಷ್ಟೇ, ಆದರೆ ರಾಜ್ಯ ಬೇರೆ, ಖರ್ಚು ಬೇರೆ, 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ಪಟ್ಟ ಪಾಡು ಇಲ್ಲಿ ಯಾರೂ ಮರೆತಿಲ್ಲ.

ಒಬ್ಬ ಹುಡುಗ ಇದ್ದ. ಕನ್ನಡ ಶಾಲೆಯಲ್ಲಿ ಓದಿದವ, ಮನೆಮಾತು ತುಳು. ಮಲಯಾಳ ಅರ್ಥ ಆಗುತ್ತಿತ್ತು, ಪೂರ್ತಿ ಅಲ್ಲ. ತೆಂಕಣ ಜಿಲ್ಲೆಗಳಿಂದ ಬಂದ ಸಿಬ್ಬಂದಿ ಬೇಗ ಬೇಗ ಮಾತಾಡಿಕೊಳ್ಳುವಾಗ ಅವನಿಗೆ ಅಲ್ಲೊಂದು ಇಲ್ಲೊಂದು ಪದ ಮಾತ್ರ ಸಿಗುತ್ತಿತ್ತು, ಉಳಿದದ್ದನ್ನು ಅವನ ಭಯವೇ ತುಂಬಿಸಿಕೊಳ್ಳುತ್ತಿತ್ತು. ಡ್ಯೂಟಿ ಬದಲಾವಣೆ ಬಗ್ಗೆ ಮಾತಾಡುತ್ತಿದ್ದರೂ ತನ್ನನ್ನು ಎಲ್ಲಿಗೋ ಸಾಗಿಸುವ ಮಾತು ಅಂತ ಅವನಿಗೆ. ಮೂರನೇ ದಿನ ಒಬ್ಬಳು ನರ್ಸಿನ ಕೈ ತಿರುಚಿದ. ಕೇಸ್ ಶೀಟಿನಲ್ಲಿ 'ಕಾರಣವಿಲ್ಲದೆ ಆಕ್ರಮಣ' ಅಂತ ಬರೆದರು. ಆಮೇಲೆ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಕ್ಕ, ಮಂಜೇಶ್ವರ ಕಡೆಯವರು, ಗಂಜಿ ತಂದುಕೊಡುವಾಗ ತುಳುವಿನಲ್ಲಿ ಎರಡು ಮಾತು ಆಡಲು ಶುರು ಮಾಡಿದರು. ಅವನು ಅವರ ಕೈಯಿಂದ ಊಟ ಮಾಡಿದ, ಅವರು ಎದುರಿಗಿದ್ದರೆ ಮಾತ್ರೆಯನ್ನೂ ತಿಂದ. ಮದ್ದು ಕೆಲಸ ಮಾಡಿದ್ದು ನಿಜ. ಅದು ಹೊಟ್ಟೆಗೆ ಹೋಗುವ ದಾರಿ ಮಾಡಿದ್ದು ಆ ಎರಡು ಮಾತು. ಅದೇ ಕಾಯ್ದೆ ಹೇಳುತ್ತದೆ, ರೋಗಿಗೆ ಕೊಡಬೇಕಾದ ಮಾಹಿತಿ ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೂಪದಲ್ಲಿ ಇರಬೇಕು ಅಂತ. ಗಡಿನಾಡಿನ ನಮಗೆ ಆ ಕಾಯ್ದೆಯಲ್ಲಿ ಅತಿ ಬೆಲೆಬಾಳುವ ಸಾಲು ಅದು. ಕೇಳಿ ಪಡೆಯಬೇಕು.

ಸದ್ದಿನ ವಿಷಯಕ್ಕೆ ಬರೋಣ. ವಾರ್ಡ್ ಅಂದರೆ ಗದ್ದಲ. ತಟ್ಟೆ, ಬಕೆಟ್, ಸ್ಟ್ರೆಚರ್, ಯಾರದೋ ಕೂಗು, ಟೈಲ್ಸ್ ಹಾಕಿದ ಬರಿಗೋಡೆಗೆ ಬಡಿದು ಎಲ್ಲ ಇಮ್ಮಡಿ. ಸ್ಕಿಜೋಫ್ರೇನಿಯಾ ಇರುವ ತುಂಬಾ ಜನರಲ್ಲಿ ಬೇಡದ ಸದ್ದನ್ನು ಸೋಸಿ ಬಿಡುವ ಮಿದುಳಿನ ಶಕ್ತಿ ಕುಗ್ಗಿರುತ್ತದೆ, ಇದನ್ನು ಮಿದುಳಿನ ವಿದ್ಯುತ್ ಅಲೆಗಳಲ್ಲೇ ಅಳೆದು ನೋಡಿದ್ದಾರೆ. ಫ್ಯಾನಿನ ಗುಂಯ್ ಸದ್ದಿನೊಳಗೆ ಮಾತು ಕೇಳಿಸುತ್ತದೆ ಅಂತ ಎಷ್ಟು ಜನ ಹೇಳಿದ್ದಾರೋ ನನಗೆ. ಇಡೀ ದಿನ ಹಚ್ಚಿಟ್ಟ ಟಿವಿ ಇನ್ನೊಂದು. ನ್ಯೂಸ್ ಚಾನೆಲಿನವರು ಕ್ಯಾಮೆರಾ ನೋಡಿ ಕಿರುಚುವಾಗ 'ನನ್ನ ಬಗ್ಗೆಯೇ ಹೇಳ್ತಿದ್ದಾರೆ' ಅಂತ ನಂಬಿದವರನ್ನು ಅದರ ಎದುರು ಕೂರಿಸಿ ಹೊತ್ತು ಕಳೆಯಲಿ ಅನ್ನುವುದು ತಪ್ಪು. ಟಿವಿಗೆ ಒಂದು ಪ್ರತ್ಯೇಕ ಕೋಣೆ ಇರಲಿ, ಹೊತ್ತು ಗೊತ್ತು ಇರಲಿ, ಹಾಡೋ ಸಿನಿಮಾವೋ ಆಟವೋ ಇರಲಿ.

ಹಾಗಂತ ಪೂರ್ತಿ ಮೌನವೂ ಮದ್ದಲ್ಲ, ಇದು ತುಂಬಾ ಜನರಿಗೆ ಗೊತ್ತಿಲ್ಲ. 1981ರಲ್ಲಿ ಬ್ರಿಟನ್ನಿನಲ್ಲಿ ದನಿ ಕೇಳಿಸುವ ರೋಗಿಗಳಿಗೆ ಬೇರೆ ಬೇರೆ ಥರದ ಸದ್ದು ಕೇಳಿಸಿ ನೋಡಿದ್ದರು. ಗಟ್ಟಿಯಾಗಿ ಓದಿ, ಓದಿದ್ದೇನು ಅಂತ ಹೇಳಬೇಕಾದಾಗ ದನಿಗಳು ತುಂಬಾ ಕಡಿಮೆ ಆದವು. ಅರ್ಥವಿಲ್ಲದ ಮೊರೆತ ಕೇಳಿಸಿದಾಗ ಆ ಲಾಭ ಸಿಗಲಿಲ್ಲ. ಮನಸ್ಸಿಗೆ ಹಿಡಿಯಲು ಅರ್ಥ ಇರುವ ಏನೋ ಒಂದು ಬೇಕು. ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನ ಪ್ರಸಂಗದ ಪದ್ಯ ಬಾಯಿಪಾಠ ಇದ್ದ ಒಬ್ಬ ಅಜ್ಜ ದನಿಗಳು ಜೋರಾದಾಗ ಜಾಗಟೆ ಇಲ್ಲ, ಚೆಂಡೆ ಇಲ್ಲ, ತೊಡೆಯ ಮೇಲೆ ತಾಳ ಹಾಕಿಕೊಂಡು ಹೇಳುತ್ತಿದ್ದರು. ಹೊಸ ಸಿಬ್ಬಂದಿ ಅದನ್ನೂ ಕಾಯಿಲೆಯ ಲಕ್ಷಣ ಅಂತ ಬರೆಯಲು ಹೊರಟಿದ್ದರು. ಅದು ಅವರು ತಾವೇ ಕಂಡುಕೊಂಡ ಉಪಾಯ.

ಗದ್ದಲಕ್ಕಿಂತ ನನಗೆ ಜಾಸ್ತಿ ಕಾಡುವುದು ಖಾಲಿತನ. ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತಾರೆ, ಚಾ, ಮದ್ದು, ತಿಂಡಿ, ರೌಂಡ್ಸ್, ಆಮೇಲೆ ಏನೂ ಇಲ್ಲ. ಮಧ್ಯಾಹ್ನದ ಗಂಜಿಯವರೆಗೆ ಏನೂ ಇಲ್ಲ. ರಾತ್ರಿಯ ಮದ್ದಿನವರೆಗೆ ಏನೂ ಇಲ್ಲ. 1960ರ ದಶಕದಲ್ಲಿ ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಅನ್ನುವ ಇಬ್ಬರು ಇಂಗ್ಲೆಂಡಿನ ಮೂರು ಮಾನಸಿಕ ಆಸ್ಪತ್ರೆಗಳಲ್ಲಿ ಬಹಳ ಕಾಲದಿಂದ ಇದ್ದ, ಸ್ಕಿಜೋಫ್ರೇನಿಯಾ ಇದ್ದ ಹೆಂಗಸರನ್ನು ಹಲವು ವರ್ಷ ಗಮನಿಸಿದರು. ಅವರ ಹತ್ತಿರ ಸ್ವಂತದ್ದು ಅಂತ ಏನೇನಿದೆ, ಬಾಚಣಿಗೆ ಇದೆಯಾ, ಹೊರಗಿನವರ ಜೊತೆ ಸಂಪರ್ಕ ಇದೆಯಾ, ನರ್ಸುಗಳು ಅವರ ಬಗ್ಗೆ ಹೇಗೆ ಮಾತಾಡುತ್ತಾರೆ, ದಿನಕ್ಕೆ ಎಷ್ಟು ಹೊತ್ತು ಏನೂ ಮಾಡದೆ ಕೂರುತ್ತಾರೆ, ಎಲ್ಲ ಲೆಕ್ಕ ಹಾಕಿದರು. ಸುತ್ತಲಿನ ಬದುಕು ಬಡವಾದಷ್ಟೂ ರೋಗಿ ಮಂಕಾಗಿ, ಮಾತು ಕಮ್ಮಿಯಾಗಿ, ಒಳಗೇ ಮುದುಡಿಹೋಗಿದ್ದರು. ಯಾರಲ್ಲಿ ಸುಧಾರಣೆ ಕಂಡಿತೋ ಅವರಲ್ಲಿ ಅದಕ್ಕೆ ಎಲ್ಲಕ್ಕಿಂತ ಗಟ್ಟಿಯಾಗಿ ತಾಳೆಯಾದದ್ದು ಒಂದೇ ಸಂಗತಿ. ಏನೂ ಮಾಡದೆ ಸುಮ್ನೆ ಕೂರುವ ಹೊತ್ತು ಕಡಿಮೆ ಆಗಿತ್ತು.

ಇದೇ ವಿಂಗ್ ಇನ್ನೊಂದು ಮಾತನ್ನೂ ಒತ್ತಿ ಹೇಳಿದ್ದರು. ಖಾಲಿತನ ಮುದುಡಿಸುತ್ತದೆ, ಅತಿಯಾದ ಒತ್ತಡ ಕಾಯಿಲೆಯನ್ನು ಮತ್ತೆ ಕೆರಳಿಸುತ್ತದೆ, ಇವರ ದಾರಿ ಇವೆರಡರ ನಡುವೆ ತುಂಬಾ ಕಿರಿದು ಅಂತ. ಒಳ್ಳೆ ವಾರ್ಡ್ ಅಂದರೆ ಆ ಕಿರಿದಾದ ದಾರಿಯಲ್ಲಿ ನಡೆಸುವ ವಾರ್ಡ್. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಭಜನೆ ಹೇಳಿಸುವುದು ಅದಲ್ಲ. ಒಬ್ಬರಿಗೆ ಬಸಳೆ ಚಪ್ಪರಕ್ಕೆ ನೀರು ಹಾಕುವುದು ಸಾಕು, ಇನ್ನೊಬ್ಬರಿಗೆ ಪೇಪರ್ ಓದಿ ಹೇಳುವುದು, ಮತ್ತೊಬ್ಬರಿಗೆ ಕೇರಂ. ಬೇಡ ಅಂದವರನ್ನು ಆ ದಿನ ಬಿಡಬೇಕು, ಮರುದಿನ ಮತ್ತೆ ಕೇಳಬೇಕು.

ಕುರ್ಚಿ ಎಲ್ಲಿ ಇಡುತ್ತೇವೆ ಅನ್ನುವುದೂ ಸಣ್ಣ ವಿಷಯ ಅಲ್ಲ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್‌ನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಹಂಫ್ರಿ ಆಸ್ಮಂಡ್ ಮುಖ್ಯಸ್ಥರಾಗಿದ್ದರು. ವಯಸ್ಸಾದ ಹೆಂಗಸರ ವಾರ್ಡನ್ನು ಚಂದ ಮಾಡಿ ಬಣ್ಣ ಬಳಿದು ಹೊಸ ಕುರ್ಚಿ ಹಾಕಿದ್ದರು, ಆದರೂ ಯಾರೂ ಮಾತಾಡುತ್ತಿರಲಿಲ್ಲ. ರಾಬರ್ಟ್ ಸಾಮರ್ ಅನ್ನುವ ಮನಶ್ಶಾಸ್ತ್ರಜ್ಞ ನೋಡಿದರೆ ಕುರ್ಚಿಗಳೆಲ್ಲ ಗೋಡೆಗೆ ಒರಗಿಸಿ ಸಾಲಾಗಿ ಇವೆ. ಅವನ್ನು ಸಣ್ಣ ಮೇಜುಗಳ ಸುತ್ತ ತಂದು ಇಟ್ಟರು. ಮೊದಲು ಸಿಬ್ಬಂದಿಗೂ ಇಷ್ಟ ಆಗಲಿಲ್ಲ, ಅಲ್ಲಿದ್ದವರಿಗೂ ಇಷ್ಟ ಆಗಲಿಲ್ಲ. ಕೆಲವು ವಾರ ಕಳೆದ ಮೇಲೆ ಎಣಿಸಿದಾಗ ಮಾತುಕತೆ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ನಮ್ಮ ವಾರ್ಡುಗಳಲ್ಲಿ ಗುಡಿಸಲು ಸುಲಭ ಅಂತ ಕುರ್ಚಿ, ಬೆಂಚು ಈಗಲೂ ಗೋಡೆಗೇ ಇರುತ್ತವೆ. ಸರಿಸಲು ದುಡ್ಡು ಬೇಡ.

ಇನ್ನೊಂದು, ನಡೆಯುವ ಜಾಗ. ಸೈಕೋಸಿಸ್‌ಗೆ ಕೊಡುವ ಕೆಲವು ಮದ್ದುಗಳಿಂದ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಒಂದು ಚಡಪಡಿಕೆ ಬರುತ್ತದೆ, ಅಕತೀಸಿಯಾ ಅನ್ನುತ್ತಾರೆ. ಅನುಭವಿಸಿದವರು ಚರ್ಮದೊಳಗೆ ಇರುವೆ ಹರಿದ ಹಾಗೆ ಅನ್ನುತ್ತಾರೆ. ಅವರಿಗೆ ನಡೆಯಲೇಬೇಕು. ಮಂಚಗಳ ನಡುವೆ ಒಂದೂವರೆ ಅಡಿ ಜಾಗ ಇರುವ ವಾರ್ಡಿನಲ್ಲಿ ಒಬ್ಬ ಹೀಗೆ ನಡೆದರೆ ಇನ್ನೊಬ್ಬನಿಗೆ ತಾಗುತ್ತದೆ, ಜಗಳ ಆಗುತ್ತದೆ, ರೋಗ ಜೋರಾಗಿದೆ ಅಂತ ಅದೇ ಮದ್ದನ್ನು ಇನ್ನಷ್ಟು ಕೊಡುತ್ತಾರೆ, ಚಡಪಡಿಕೆ ಇನ್ನಷ್ಟು ಆಗುತ್ತದೆ. ಮನೆಯವರು ಇದನ್ನು ಕಂಡರೆ ದಯವಿಟ್ಟು ಡಾಕ್ಟರಿಗೆ ಹೇಳಿ. ಇದಕ್ಕೆ ಪರಿಹಾರ ಇದೆ, ಡೋಸ್ ಬದಲಿಸಬಹುದು, ಬೇರೆ ಮದ್ದು ಕೊಡಬಹುದು. ಇದರ ಜೊತೆಗೆ ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆ. ಈ ಮದ್ದುಗಳಲ್ಲಿ ಕೆಲವು ದೇಹ ತನ್ನನ್ನು ತಂಪು ಮಾಡಿಕೊಳ್ಳುವ ಕೆಲಸಕ್ಕೇ ಅಡ್ಡ ಬರುತ್ತವೆ. ಶೀಟಿನ ಮಾಡಿನ ಕೆಳಗೆ, ಗಾಳಿ ಆಡದ ಕೋಣೆಯಲ್ಲಿ ಇರಿಸುವುದು ಬರೀ ಕಷ್ಟದ ವಿಷಯ ಅಲ್ಲ, ಅಪಾಯ.

ಜಾಗ ಸರಿಯಾಗಿ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಒಂದು ಉದಾಹರಣೆ ಇದೆ. 2006ರಲ್ಲಿ ಹಳೆಯ ಮನೋರೋಗ ಆಸ್ಪತ್ರೆಯ ಬದಲು ಹೊಸ ಕಟ್ಟಡ ಮಾಡಿದರು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಅದಕ್ಕೇ ಬಚ್ಚಲು, ಎಳೆದು ಸರಿಸಬಹುದಾದ ಕುರ್ಚಿಗಳು, ಜನದಟ್ಟಣೆ ಕಡಿಮೆ, ಸದ್ದು ಹೀರುವ ಗೋಡೆ, ಕಿಟಕಿಯಿಂದ ಮರ ಕಾಣುವುದು, ಹೋಗಿ ಕೂರಲು ತೋಟ. ರೋಜರ್ ಉಲ್ರಿಕ್ ಮತ್ತು ಜೊತೆಯವರು 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹೊಸ ಕಟ್ಟಡಕ್ಕೆ ಬಂದ ಮೇಲೆ ಒತ್ತಾಯದ ಇಂಜೆಕ್ಷನ್, ಕಟ್ಟಿಹಾಕುವುದು ಎರಡೂ ಇಳಿದಿದ್ದವು. ನಾಳೆಯೇ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದು ಕೋಣೆ ಆಗುವುದಿಲ್ಲ, ನನಗೂ ಗೊತ್ತು. ಆದರೆ ಮರ, ಜಗಲಿ, ಅಂಗಳ ಇವು ನಮ್ಮಲ್ಲಿ ಇಲ್ಲದ್ದಾ? ಕಾಡಿನ ನಡುವೆ ಕಟ್ಟಿದ ಕಟ್ಟಡದ ಕಿಟಕಿಗೂ ಮೇಲಿನವರೆಗೆ ಬಣ್ಣ ಬಳಿದು ಮುಚ್ಚುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ರಾತ್ರಿಯ ಬೆಳಕಿನ ಬಗ್ಗೆ ಒಂದೇ ಮಾತು. ನಿದ್ದೆಗೆಟ್ಟರೆ ಸೈಕೋಸಿಸ್ ಹೆಚ್ಚುತ್ತದೆ, ಇದರಲ್ಲಿ ಅನುಮಾನ ಇಲ್ಲ. ರಾತ್ರಿಯೆಲ್ಲ ಟ್ಯೂಬ್‌ಲೈಟ್ ಉರಿಸಿ, ಎರಡು ಗಂಟೆಗೊಮ್ಮೆ ಟಾರ್ಚ್ ಮುಖಕ್ಕೆ ಹಾಕಿ ನೋಡಿ, ಬೆಳಿಗ್ಗೆ ರೌಂಡ್ಸಿನಲ್ಲಿ 'ನಿದ್ದೆ ಬಂದಿಲ್ಲ' ಅಂತ ಮಾತ್ರೆ ಹೆಚ್ಚಿಸುವುದು ನಿಲ್ಲಬೇಕು. ಕೆಳಗೆ, ನೆಲದ ಹತ್ತಿರ ಹಳದಿ ಬಲ್ಬ್ ಸಾಕು. ಹಾನಿ ಮಾಡಿಕೊಂಡಾರು ಅಂತ ಸೊಳ್ಳೆಪರದೆಗೆ ಹಗ್ಗ ಬೇಡವಾದರೆ ಕಿಟಕಿಗೇ ಬಲೆ ಹಾಕಬಹುದು.

ಈಗ ಕಟ್ಟಿಹಾಕುವ ವಿಷಯ. 2001ರ ಆಗಸ್ಟ್ 6. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರ್ವಾಡಿ. ದರ್ಗಾದ ಹತ್ತಿರ ಖಾಸಗಿಯವರು ನಡೆಸುತ್ತಿದ್ದ ಒಂದು ಆಶ್ರಯದಲ್ಲಿ ನಸುಕಿನಲ್ಲಿ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಬಿಗಿದಿದ್ದರು. 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು. ಆಗಲೇ ಹೇಳಿದ 2017ರ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ, ಅದರ ಪ್ರಕಾರ ಯಾವ ರೂಪದಲ್ಲೂ ಸರಪಳಿ ಹಾಕುವ ಹಾಗಿಲ್ಲ, ಒಂಟಿ ಕೋಣೆಯಲ್ಲಿ ಕೂಡಿಹಾಕುವ ಹಾಗಿಲ್ಲ. ತಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಎಷ್ಟು ಬೇಕೋ ಅಷ್ಟೇ ಹೊತ್ತು ಹಿಡಿದಿಡಬಹುದು ಅಥವಾ ಕಟ್ಟಬಹುದು. ಅದನ್ನು ಬರೆದಿಡಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ, ಅಂದರೆ ಅವರ ಪರವಾಗಿ ಮಾತಾಡಲು ಗೊತ್ತುಮಾಡಿದವರಿಗೆ, 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಗೆ ಅಂತ ಕಟ್ಟುವ ಹಾಗಿಲ್ಲ, ಸಿಬ್ಬಂದಿ ಕಡಿಮೆ ಇದ್ದಾರೆ ಅಂತಲೂ ಕಟ್ಟುವ ಹಾಗಿಲ್ಲ. ಈ ಕೊನೆಯದ್ದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಸಿಬ್ಬಂದಿ ಕೊರತೆಯೇ ನಿಜವಾದ ಕಾರಣ ಆಗಿರುವುದು ಜಾಸ್ತಿ. ಮೂವತ್ತು ಜನರಿಗೆ ರಾತ್ರಿ ಇಬ್ಬರು ನರ್ಸುಗಳಿದ್ದರೆ ಅವರಿಗೂ ಭಯ ಇರುತ್ತದೆ, ಅವರನ್ನು ಮಾತ್ರ ದೂರಿ ಪ್ರಯೋಜನ ಇಲ್ಲ.

ಸಿಬ್ಬಂದಿಯ ನಡವಳಿಕೆಯೂ ಪರಿಸರವೇ. ಲಂಡನ್ ಸುತ್ತಮುತ್ತಲಿನ 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಲೆನ್ ಬವರ್ಸ್ ಮತ್ತು ತಂಡದವರು ಸೇಫ್‌ವಾರ್ಡ್ಸ್ ಅನ್ನುವ ಪದ್ಧತಿಯನ್ನು ಪರೀಕ್ಷೆ ಮಾಡಿದರು, ಫಲಿತಾಂಶ 2015ರಲ್ಲಿ ಬಂತು. ದೊಡ್ಡ ಯಂತ್ರ ಏನೂ ಇಲ್ಲ. ಇಲ್ಲ ಅನ್ನಬೇಕಾದಾಗ ಮೆತ್ತಗೆ ಹೇಳುವುದು, ಕೆಟ್ಟ ಸುದ್ದಿ ಬರುವುದಿದ್ದರೆ ಮೊದಲೇ ಗಮನಿಸಿ ಜೊತೆಗೆ ಕೂರುವುದು, ಸಿಬ್ಬಂದಿ ಮತ್ತು ರೋಗಿಗಳು ಒಬ್ಬರಿಗೊಬ್ಬರು ತಮ್ಮ ಇಷ್ಟಗಳನ್ನು ಬರೆದು ಗೋಡೆಗೆ ಅಂಟಿಸುವುದು, ಡಿಸ್ಚಾರ್ಜ್ ಆಗಿ ಹೋಗುವವರು ಹೊಸಬರಿಗೆ ಒಂದು ಸಾಲು ಬರೆದಿಡುವುದು, ಇಂಥ ಹತ್ತು ಕ್ರಮಗಳು. ಜಗಳ, ಗಲಾಟೆ ಸುಮಾರು 15% ಇಳಿಯಿತು. ಕಟ್ಟುವುದು, ಒತ್ತಾಯದ ಮದ್ದು, ಕೂಡಿಹಾಕುವುದು ಇವೆಲ್ಲ ಸೇರಿ ಸುಮಾರು 26% ಇಳಿಯಿತು. ಬೀಗದ ಬಗ್ಗೆಯೂ ಜರ್ಮನಿಯ 21 ಆಸ್ಪತ್ರೆಗಳ 15 ವರ್ಷದ ದಾಖಲೆ ನೋಡಿದ್ದಾರೆ. ಬಾಗಿಲು ತೆರೆದಿಟ್ಟ ಕಡೆ ಆತ್ಮಹತ್ಯೆಯಾಗಲಿ ತಪ್ಪಿಸಿಕೊಂಡು ಹೋಗುವುದಾಗಲಿ ಹೆಚ್ಚಿರಲಿಲ್ಲ. ಅಲ್ಲಿ ಸಿಬ್ಬಂದಿ ಜಾಸ್ತಿ, ಹಾಗೇ ಎತ್ತಿ ತಂದು ಇಲ್ಲಿ ಹಾಕಲು ಆಗುವುದಿಲ್ಲ. ಆದರೆ ಬೀಗ ಅಂದರೆ ಸುರಕ್ಷೆ ಅಂತ ಕಣ್ಣುಮುಚ್ಚಿ ನಂಬುವುದನ್ನಾದರೂ ಬಿಡೋಣ.

ನಮ್ಮ ಹತ್ತಿರ ಇರುವ, ಆ ದೇಶಗಳ ಹತ್ತಿರ ಇಲ್ಲದ ಒಂದು ದೊಡ್ಡ ಶಕ್ತಿ ಬೈಸ್ಟ್ಯಾಂಡರ್. ರೋಗಿಯ ಜೊತೆ ಮನೆಯವರು ಉಳಿಯುವುದು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಜಾಗ ಸಾಲದೆ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ರೋಗಿಗಳ ಜೊತೆ ಇರಿಸಿಕೊಂಡರು. ರೋಗಿಗಳು ಬೇಗ ಸುಧಾರಿಸಿದರು, ಮನೆಯವರ ಭಯ ಹೋಯಿತು, ಕರೆದುಕೊಂಡು ಹೋಗಲು ಹಿಂಜರಿಯಲಿಲ್ಲ. ವೆಲ್ಲೂರು, ಬೆಂಗಳೂರಿನ ನಿಮ್ಹಾನ್ಸ್ ಈ ದಾರಿಯಲ್ಲಿ ಮುಂದುವರಿದವು. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಮಗುವಿಗೆ ಒಟ್ಟಿಗೆ ಇರುವ ವಾರ್ಡ್ ಇದೆ. ಹೆರಿಗೆಯ ನಂತರ ಸೈಕೋಸಿಸ್ ಬಂದ ತಾಯಿಯಿಂದ ಹಸುಗೂಸನ್ನು ಕಿತ್ತುಕೊಂಡು ಊರಿಗೆ ಕಳಿಸಿದರೆ ಅವಳ ಮನಸ್ಸಿನಲ್ಲಿ ಏನಾಗಬಹುದು ಅಂತ ಯೋಚಿಸಿದವರು ಮಾಡಿದ ಕೆಲಸ ಅದು.

ಆದರೆ ನಾವು ಬೈಸ್ಟ್ಯಾಂಡರನ್ನು ಹೇಗೆ ಇಟ್ಟಿದ್ದೇವೆ? ಮಂಚದ ಕೆಳಗೆ ಒಂದು ಚಾಪೆ. ಸ್ನಾನಕ್ಕೆ ಜಾಗ ಇಲ್ಲ. ಏನಾಗುತ್ತಿದೆ ಅಂತ ಯಾರೂ ಕೂತು ಹೇಳುವುದಿಲ್ಲ. ತೋಟದ ಕೆಲಸ ಬಿಟ್ಟು, ದಿನಗೂಲಿ ಬಿಟ್ಟು ಬಂದ ತಾಯಿ ಮೂರನೇ ರಾತ್ರಿ ಸೋತು 'ನಿನ್ನಿಂದ ಮನೆ ಹಾಳಾಯ್ತು' ಅಂದುಬಿಡುತ್ತಾಳೆ. ಪದೇ ಪದೇ ಟೀಕೆ, ಸಿಟ್ಟು ಇರುವ ಮನೆಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ ಅಂತ ಜಾರ್ಜ್ ಬ್ರೌನ್ ಕಾಲದಿಂದ ಮತ್ತೆ ಮತ್ತೆ ಕಂಡಿದ್ದಾರೆ. ಆ ತಾಯಿಯನ್ನು ಬೈದು ಏನು ಮಾಡುವುದು? ಅವಳಿಗೂ ಮಲಗಲು ಮಂಚ, ಅಳಲು ಒಂದು ಕೋಣೆ, ಅವಳ ಭಾಷೆಯಲ್ಲಿ ಅರ್ಧ ಗಂಟೆ ವಿವರಣೆ ಸಿಕ್ಕಿದರೆ ಆ ಮಾತು ಬಾಯಿಗೆ ಬರುವುದಿಲ್ಲ.

ಬೀಡಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ವಾರ್ಡಿನಲ್ಲಿ ಬೀಡಿ ಸಿಗರೇಟ್ ಇಲ್ಲ. ಒಳ್ಳೆಯದೇ. ಆದರೆ ಬೀಡಿಯ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡುತ್ತದೆ, ಅದು ಸೈಕೋಸಿಸ್‌ಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಅನ್ನುವ ಮದ್ದುಗಳನ್ನು ಬೇಗ ಕರಗಿಸಿಬಿಡುತ್ತದೆ. ಸೇದುವುದು ನಿಂತಾಗ ಅದೇ ಡೋಸ್ ರಕ್ತದಲ್ಲಿ ಜಾಸ್ತಿ ಆಗುತ್ತದೆ, ಮಂಪರು ಹತ್ತುತ್ತದೆ. ಡಿಸ್ಚಾರ್ಜ್ ಆಗಿ ಊರಿಗೆ ಬಂದು ಮತ್ತೆ ಸೇದಲು ಶುರು ಮಾಡಿದರೆ ಮದ್ದಿನ ಮಟ್ಟ ಇಳಿಯುತ್ತದೆ, ತಿಂಗಳಲ್ಲಿ ಕಾಯಿಲೆ ಮರಳಬಹುದು. ಆಗ 'ಮದ್ದು ತಿಂದಿಲ್ಲ' ಅಂತ ರೋಗಿಯನ್ನು ಬೈಯುತ್ತೇವೆ. ಇದು ಹೊಗೆಯಿಂದ ಆಗುವುದು, ನಿಕೋಟಿನ್‌ನಿಂದ ಅಲ್ಲ. ಹೊಗೆಸೊಪ್ಪು ಜಗಿಯುವುದರಿಂದ ಹೀಗೆ ಆಗುವುದಿಲ್ಲ, ಅದರ ಬೇರೆ ಕೆಡುಕು ಇದ್ದೇ ಇದೆ. ಅಡ್ಮಿಟ್ ಮಾಡುವಾಗ, ಡಿಸ್ಚಾರ್ಜ್ ಮಾಡುವಾಗ ಎರಡೂ ಸಲ ದಿನಕ್ಕೆ ಎಷ್ಟು ಬೀಡಿ ಅಂತ ಡಾಕ್ಟರಿಗೆ ಸರಿಯಾಗಿ ಹೇಳಿ.

ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಬೆಳೆಯುತ್ತಿರುವ ಹೊತ್ತು ಇದು. ಅಲ್ಲಿ ಮನೋರೋಗ ವಾರ್ಡಿನ ನಕ್ಷೆ ಹಾಕುವವರ ಮುಂದೆ ನಮ್ಮ ಪಂಚಾಯತಿನವರು, ಕನ್ನಡ ಸಂಘಗಳವರು ಹೋಗಿ ಕೇಳಬೇಕು. ವಾರ್ಡ್ ನೆಲಮಾಳಿಗೆಯಲ್ಲಿ ಬೇಡ, ಅಂಗಳಕ್ಕೆ ಬಾಗಿಲು ಇರಲಿ, ಬೈಸ್ಟ್ಯಾಂಡರಿಗೆ ಮಂಚ ಇರಲಿ, ಪ್ರತಿ ಪಾಳಿಯಲ್ಲೂ ಕನ್ನಡವೋ ತುಳುವೋ ಬರುವ ಒಬ್ಬರು ಇರಲಿ ಅಂತ. ಕಟ್ಟಿದ ಮೇಲೆ ಗೋಡೆ ಒಡೆಸುವುದು ಕಷ್ಟ.

ಇನ್ನು ಪ್ರಶ್ನೆಗಳು. ಒಬ್ಬರು ಕೇಳಿದರು, 'ಮದುವೆಗೆ ಹೋಗುವ ಅಂತ ಸುಳ್ಳು ಹೇಳಿ ಕರೆದುಕೊಂಡು ಹೋದೆವು, ಬೇರೆ ದಾರಿ ಇರಲಿಲ್ಲ. ಅದು ತಪ್ಪಾ ಸಿಸ್ಟರೇ?' ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೂ ಹೇಳುತ್ತೇನೆ, ಆದಷ್ಟು ಸುಳ್ಳು ಬೇಡ. ಎಲ್ಲರೂ ಸೇರಿ ಮೋಸ ಮಾಡುತ್ತಿದ್ದಾರೆ ಅಂತ ನಂಬಿದವರಿಗೆ ಅವತ್ತು ಅದು ನಿಜವೇ ಆಗಿಹೋಗುತ್ತದೆ, ಆ ಸಿಟ್ಟು ವಾರ್ಡಿಗೆ, ಮದ್ದಿಗೆ, ನಿಮಗೆ ಮೂರಕ್ಕೂ ಅಂಟುತ್ತದೆ. 'ನಿನಗೆ ನಿದ್ದೆ ಇಲ್ಲ, ನೀನು ಹೆದರಿದ್ದೀಯ, ನಮಗೂ ಹೆದರಿಕೆ ಆಗಿದೆ, ಡಾಕ್ಟರ ಹತ್ತಿರ ಹೋಗುವ' ಅನ್ನಿ. ಕಾಯಿಲೆಯ ಹೆಸರು ಹಿಡಿದು ವಾದ ಮಾಡಬೇಡಿ, ನಿದ್ದೆ ಇಲ್ಲ ಅನ್ನುವುದನ್ನು ಹೆಚ್ಚಿನವರು ಒಪ್ಪುತ್ತಾರೆ. ಆಗಲೇ ಇಲ್ಲ ಅಂದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನುವ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ಇನ್ನೊಬ್ಬರದು ಊಟದ ಪ್ರಶ್ನೆ. ವಿಷ ಹಾಕಿದ್ದಾರೆ ಅಂತ ಮಗಳು ವಾರ್ಡಿನ ಊಟ ಮುಟ್ಟುವುದಿಲ್ಲ. ಅವಳ ಎದುರೇ ಒಂದೇ ಪಾತ್ರೆಯಿಂದ ಇಬ್ಬರಿಗೂ ಬಡಿಸಿಕೊಳ್ಳಿ, ಅವಳೇ ಬಡಿಸಲಿ. ಸಿಪ್ಪೆ ಇರುವ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಅಲ್ಲೇ ಕೆತ್ತಿದ ಬೊಂಡ ಕೊಡಿ. ಮದ್ದನ್ನು ಮಾತ್ರ ಅನ್ನದಲ್ಲಿ ಅಡಗಿಸಿ ಕೊಡಬೇಡಿ, ಒಮ್ಮೆ ಗೊತ್ತಾದರೆ ಆಮೇಲೆ ಯಾವ ಊಟವನ್ನೂ ನಂಬುವುದಿಲ್ಲ.

ಕೊನೆಯ ಪ್ರಶ್ನೆ ಕೇಳಿದವರು ಸ್ವತಃ ವಾರ್ಡಿನಲ್ಲಿ ಇದ್ದು ಬಂದವರು. ಎದ್ದು ನಿಂತು ಕೇಳಿದ್ದಕ್ಕೆ ಅವರಿಗೆ ನನ್ನ ಗೌರವ. 'ಮತ್ತೆ ಹುಷಾರು ತಪ್ಪಿದರೆ ನನಗೆ ಹೀಗೆ ಮಾಡಿ, ಹಾಗೆ ಮಾಡಬೇಡಿ ಅಂತ ಈಗಲೇ ಹೇಳಿಡಬಹುದಾ?' ಹೇಳಿಡಬಹುದು. ಕಾಯ್ದೆಯಲ್ಲಿ ಮುಂಗಡ ನಿರ್ದೇಶನ ಅಂತ ಇದೆ. 18 ತುಂಬಿದ ಯಾರೂ ಬರೆಯಬಹುದು. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಮಾತಾಡಬೇಕಾದವರು ಯಾರು ಅಂತ. ಸಾಕ್ಷಿಗಳ ಸಹಿ ಹಾಕಿಸಿ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲಿ ನೋಂದಾಯಿಸಬೇಕು. ತುರ್ತು ಚಿಕಿತ್ಸೆಯ ಹೊತ್ತಿಗೆ ಅದು ಅನ್ವಯಿಸುವುದಿಲ್ಲ, ಇದು ನೆನಪಿರಲಿ. ಅದರ ಜೊತೆ ನಿಮ್ಮದೇ ಒಂದು ಹಾಳೆಯಲ್ಲಿ ಸಣ್ಣ ಸಣ್ಣ ವಿಷಯಗಳನ್ನೂ ಬರೆಯಿರಿ. ಫ್ಯಾನಿನ ಕೆಳಗೆ ಮಂಚ ಬೇಡ, ತುಳುವಿನಲ್ಲಿ ಮಾತಾಡಿಸಿ, ಹಿಂದಿನಿಂದ ಬಂದು ಮುಟ್ಟಬೇಡಿ, ದೊಡ್ಡಕ್ಕನಿಗೆ ಫೋನ್ ಮಾಡಿ, ಹೀಗೆ. ಒಂದು ಪ್ರತಿ ಮನೆಯಲ್ಲಿ, ಒಂದು ನಿಮ್ಮ ಡಾಕ್ಟರ ಹತ್ತಿರ ಇರಲಿ. ಬರೆಯಲು ಸಹಾಯ ಬೇಕಿದ್ದವರು ಗ್ರಂಥಾಲಯದಲ್ಲಿ ಹೆಸರು ಕೊಟ್ಟು ಹೋಗಿ, ಒಟ್ಟಿಗೆ ಕೂತು ಬರೆಯುವ.